ಫ್ರಿಜ್ಜಿನ ಪಕ್ಕದ ಗೋಡೆ ಕೊರೀಬೇಡಿ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ನಾನು ತಿಪಟೂರು ಕಡೆಯವನು, ಹದಿನೇಳು ವರ್ಷದಿಂದ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಲ್ಲಿ ಇದೀನಿ. ನಿಮ್ಮ ಪೇಪರ್ನ ಫೋನಲ್ಲೇ ಓದೋದು. ಹೋದ ಭಾನುವಾರದ ಪುರವಣಿಲಿ ಹಳೇ ಚಿಕ್ಕ ಫ್ರಿಜ್ಜಿಗೆ ನಲ್ಲಿ ಕೂರಿಸಿ ಮನೇಲೇ ಮಾಡಿದ ಬಿಯರನ್ನ ಪಬ್ಬಲ್ಲಿ ಹಿಡಿಯೋ ಹಾಗೆ ಗ್ಲಾಸಿಗೆ ಹಿಡ್ಕೊಳೋದು ಹೇಗೆ ಅಂತ ಒಂದು ಲೇಖನ ಬಂದಿತ್ತಲ್ಲ, ಇಲ್ಲಿ ಅದಕ್ಕೆ ಕೆಜರೇಟರ್ ಅಂತಾರೆ, ಅದರ ಬಗ್ಗೆ ಈ ಪತ್ರ. ಬರೆದವರ ಉತ್ಸಾಹ ನಂಗೆ ಇಷ್ಟ ಆಯ್ತು, ಓದ್ತಾ ಓದ್ತಾ ನನ್ನ ಗ್ಯಾರೇಜಿನ ವಾಸನೆನೇ ಮೂಗಿಗೆ ಬಂತು, ಆದ್ರೆ ಎರಡು ಮಾತು ತಪ್ಪು ಬರೆದಿದಾರೆ, ಒಂದು ಫ್ರಿಜ್ಜಿನ ಪಕ್ಕದ ಗೋಡೆಗೆ ತೂತು ಹಾಕಿ ಅನ್ನೋದು, ಇನ್ನೊಂದು ಗುಜರಿಯ ಗ್ಯಾಸ್ ಸಿಲಿಂಡರ್ ಬಳಸಿ ಅನ್ನೋದು, ಆ ಎರಡೂ ಅಪಾಯದ ತಪ್ಪು.

ಸುಮ್ನೆ ಬಿಡ್ತಿದ್ನೇನೋ, ಪೇಪರಲ್ಲಿ ತಪ್ಪು ಹುಡುಕಿ ಪತ್ರ ಬರಿಯೋಷ್ಟು ಪುರುಸೊತ್ತು ನಂಗಿಲ್ಲ. ಆದ್ರೆ ಸೋಮವಾರ ಬೆಳಿಗ್ಗೆ ಎದ್ದು ನೋಡಿದ್ರೆ ಬೆಂಗಳೂರಲ್ಲಿರೋ ಅಕ್ಕನ ಮಗ ವಾಟ್ಸಾಪಲ್ಲಿ ಒಂದು ಫೋಟೋ ಕಳ್ಸಿದಾನೆ, ಓಎಲ್‌ಎಕ್ಸಲ್ಲಿ ತಗೊಂಡ ಪುಟ್ಟ ಫ್ರಿಜ್ಜು, ಅದರ ಬಲಗಡೆ ಗೋಡೆ ಮೇಲೆ ಪೆನ್ಸಿಲಲ್ಲಿ ಗುಂಡಗೆ ಒಂದು ಗುರುತು, ಕೆಳಗೆ "ಮಾವ, ಪೇಪರಲ್ಲಿ ಹೇಳಿದ ಹಾಗೆ ಇಲ್ಲೇ ತೂತು ಹಾಕ್ಲಾ?" ಅಂತ ಬರೆದಿದಾನೆ. ನಾನು ಹಲ್ಲು ಕೂಡ ಉಜ್ಜದೆ ಫೋನ್ ಮಾಡ್ದೆ. ಲೇ ಡ್ರಿಲ್ ಮಿಷಿನ್ ಕೆಳಗಿಡು ಮೊದ್ಲು ಅಂದೆ.

ಯಾಕಂದ್ರೆ ಆ ತೂತನ್ನ ನಾನು ಹತ್ತು ವರ್ಷದ ಹಿಂದೆ ಹಾಕಿದೀನಿ. ಅದೇ ಬಲಗಡೆ ಗೋಡೆ, ಹೆಚ್ಚುಕಮ್ಮಿ ಅದೇ ಜಾಗ. ಪಕ್ಕದ ಬೀದಿಲಿ ಒಬ್ರು ಮನೆ ಖಾಲಿ ಮಾಡ್ತಾ 40 ಡಾಲರಿಗೆ ಫ್ರಿಜ್ ಮಾರಿದ್ರು, ಒಂದು ಚಳಿಗಾಲದ ಶನಿವಾರ ಗ್ಯಾರೇಜಲ್ಲಿ ಕೂತು ಬಿಯರನ್ನ ನಲ್ಲಿಗೆ ತಳ್ಳೋ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಪೈಪ್ ಒಳಗೆ ಬಿಡೋಕೆ ಅಂತ ಕೊರೀತಿದ್ದೆ, ತಗಡು ದಾಟ್ತು, ಒಳಗಿನ ಫೋಮ್ ಶುರುವಾಯ್ತು, ಅಷ್ಟರಲ್ಲಿ ಸ್ಸ್ಸ್ ಅಂತ ಸದ್ದು, ಪ್ರೆಷರ್ ಕುಕ್ಕರ್ ವೆಯ್ಟ್ ಎತ್ತಿದ ಹಾಗೆ, ಜೊತೆಗೆ ಎಣ್ಣೆ ಕಮಟು. ಅರ್ಧ ನಿಮಿಷ ಸದ್ದು ಬಂತು, ಆಮೇಲೆ ನಿಂತ್ಹೋಯ್ತು. ಫ್ರಿಜ್ಜು ಅಲ್ಲಿಗೆ ಸತ್ತ ಹಾಗೆ, ಕಂಪ್ರೆಸರ್ ಓಡುತ್ತೆ, ತಣ್ಣಗಾಗಲ್ಲ. ನನ್ನ ಹೆಂಡತಿ ಬಂದು ನೋಡಿ, ಸರಿ ಬಿಡಿ ಇನ್ಮೇಲೆ ಇದು ಚಪ್ಪಲಿ ಸ್ಟ್ಯಾಂಡು ಅಂದ್ಳು. ಎರಡು ವರ್ಷ ಹಾಗೇ ಇತ್ತು ಕೂಡ.

ಏನಾಗಿತ್ತು ಅಂದ್ರೆ, ನಮ್ಮ ಅಮ್ಮನ ಕಾಲದ ಫ್ರಿಜ್ಜುಗಳಲ್ಲಿ ಹಿಂದ್ಗಡೆ ಕರಿ ಬಣ್ಣದ ಒಂದು ಜಾಲರಿ ಇರ್ತಿತ್ತಲ್ಲ, ಮಳೆಗಾಲದಲ್ಲಿ ಸಾಕ್ಸು ಕರ್ಚೀಫು ಒಣಗೋಕೆ ಹಾಕ್ತಿದ್ವಿ, ಅದು ಕಂಡೆನ್ಸರ್. ಒಳಗಿನ ಶಾಖವನ್ನ ಹೊರಗೆ ಬಿಡೋ ಪೈಪು ಅದು. ಈಗಿನ ತುಂಬಾ ಚಿಕ್ಕ ಫ್ರಿಜ್ಜುಗಳಲ್ಲಿ ಆ ಪೈಪು ಹೊರಗೆ ಕಾಣಲ್ಲ, ಎರಡೂ ಪಕ್ಕದ ತಗಡಿನ ಹಿಂದೆ ಅಂಟಿಸಿ ಮೇಲೆ ಫೋಮ್ ತುಂಬಿರ್ತಾರೆ. ಫ್ರಿಜ್ ಓಡ್ತಿರುವಾಗ ಪಕ್ಕದ ಗೋಡೆ ಮುಟ್ಟಿ ನೋಡಿ, ಬೆಚ್ಚಗಿರುತ್ತೆ, ಅದಕ್ಕೇ ಅದು. ನಿಮ್ಮ ಲೇಖಕರು "ಪಕ್ಕದಲ್ಲಿ ಯಾವ ಭಾಗವೂ ಇರುವುದಿಲ್ಲವಾದ್ದರಿಂದ" ಅಂತ ಬರೆದಿದಾರೆ. ಇರುತ್ತೆ. ಮುಖ್ಯವಾದದ್ದೇ ಅಲ್ಲಿರುತ್ತೆ.

ನನ್ನದು ಹಳೇ ಫ್ರಿಜ್ಜು, ಒಳಗಿದ್ದದ್ದು ಆರ್134ಎ ಅನ್ನೋ ಗ್ಯಾಸು, ಅದು ಅಷ್ಟು ಸುಲಭಕ್ಕೆ ಹೊತ್ತಿಕೊಳೋದಲ್ಲ, ದುಡ್ಡು ಹೋಯ್ತು ಅಷ್ಟೇ. ಇವತ್ತಿನ ಕಥೆ ಬೇರೆ. ಈಗ ಇಂಡಿಯಾದಲ್ಲಿ ಮಾರಾಟ ಆಗೋ ಮನೆ ಫ್ರಿಜ್ಜುಗಳಲ್ಲಿ ಹೆಚ್ಚಿನವು ಆರ್600ಎ, ಅಂದ್ರೆ ಐಸೋಬ್ಯುಟೇನ್, ನಮ್ಮ ಅಡುಗೆ ಗ್ಯಾಸಿನ ಹತ್ತಿರದ ನೆಂಟ. ಓಝೋನಿಗೂ ಭೂಮಿ ಬಿಸಿಗೂ ಒಳ್ಳೇದು ಅಂತ ತಂದಿರೋದು, ಅದು ಸರಿನೇ. ಅಮೆರಿಕದವರು ಹೆದ್ರಿಕೊಂಡು ತುಂಬಾ ತಡವಾಗಿ, 2011ರಲ್ಲಿ, ಒಂದು ಫ್ರಿಜ್ಜಿಗೆ 57 ಗ್ರಾಮಿಗಿಂತ ಜಾಸ್ತಿ ಬೇಡ ಅಂತ ಒಪ್ಪಿಗೆ ಕೊಟ್ರು, 2018ರಲ್ಲಿ ಅದನ್ನ 150 ಗ್ರಾಂವರೆಗೆ ಏರಿಸಿದ್ರು. ಪ್ರಮಾಣ ಕಮ್ಮಿನೇ, ಫ್ರಿಜ್ ಸುಮ್ನೆ ನಿಂತಿದ್ರೆ ಏನೂ ಆಗಲ್ಲ. ಆದ್ರೆ ಡ್ರಿಲ್ ಮೋಟರಿನ ಒಳಗೆ ಕಿಡಿ ಹಾರ್ತಾನೇ ಇರುತ್ತೆ, ಅದನ್ನ ಹಿಡ್ಕೊಂಡು ಆ ಪೈಪಿಗೇ ತೂತು ಮಾಡಿ ಮುಖನೂ ಅಲ್ಲೇ ಇಟ್ಕೊಂಡು ಕೂತ್ರೆ ಏನಾಗಬಹುದು ಯೋಚ್ನೆ ಮಾಡಿ. ಫ್ರಿಜ್ಜಿನ ಹಿಂದೆ ಕಂಪ್ರೆಸರ್ ಹತ್ರ ಒಂದು ಸ್ಟಿಕ್ಕರ್ ಇರುತ್ತೆ, ಯಾವ ಗ್ಯಾಸು ಎಷ್ಟು ಗ್ರಾಂ ಅಂತ ಅದರಲ್ಲಿ ಬರೆದಿರುತ್ತೆ. ಅಳಿಯನಿಗೆ ಓದೋಕೆ ಹೇಳ್ದೆ, ಆರ್600ಎ ಅಂತಾನೇ ಇತ್ತು.

ಹಾಗಾದ್ರೆ ಎಲ್ಲಿ ಕೊರೀಬೇಕು? ಬಾಗಿಲು ಸ್ವಾಮಿ, ಬಾಗಿಲು! ಇಂಥ ಸಾದಾ ಚಿಕ್ಕ ಫ್ರಿಜ್ಜಿನ ಬಾಗಿಲಲ್ಲಿ ತಗಡು, ಫೋಮು, ಪ್ಲಾಸ್ಟಿಕ್ಕು, ಇಷ್ಟೇ, ಫ್ರಿಜ್ಜಿನ ಗ್ಯಾಸ್ ಪೈಪು ಹಿಂಜು ದಾಟಿ ಬರಲ್ಲ. ನಲ್ಲಿಯ ಉದ್ದನೆ ಕತ್ತು ಬಾಗಿಲೊಳಗಿಂದ ಹಾದುಹೋಗೋಕೆ ಒಂದಿಂಚಿಗಿಂತ ಸ್ವಲ್ಪ ಕಮ್ಮಿ ತೂತು ಸಾಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಒಳಗೇ ಹಿಡಿಸೋ ಹಾಗಿದ್ರೆ ಬೇರೆ ತೂತೇ ಬೇಡ. ಬಾಗಿಲೊಳಗಿನ ಮೊಟ್ಟೆ ತಟ್ಟೆ, ಬಾಟ್ಲಿ ಇಡೋ ಕಟ್ಟೆ ಎಲ್ಲಾ ಕತ್ತರಿಸಿ ಒಂದು ಚಪ್ಪಟೆ ಪ್ಲಾಸ್ಟಿಕ್ ಹಾಳೆ ಕೂರಿಸಬೇಕಾಗುತ್ತೆ, ಇಲ್ಲಾಂದ್ರೆ ಕೆಗ್, ಅಂದ್ರೆ ಬಿಯರ್ ತುಂಬಿಡೋ ಸ್ಟೀಲ್ ಡಬ್ಬಿ, ಇಟ್ಟಾಗ ಬಾಗಿಲು ಮುಚ್ಚಲ್ಲ. ಆಗ ಸುತ್ತ ಇರೋ ರಬ್ಬರ್ ಪಟ್ಟಿಗೆ ಬ್ಲೇಡ್ ತಾಗಬಾರ್ದು.

ಇಲ್ಲ, ಪಬ್ಬಿನ ಹಾಗೆ ಫ್ರಿಜ್ ಮೇಲೆ ಕಂಬ ನಿಲ್ಲಿಸಿ ಅದಕ್ಕೆ ನಲ್ಲಿ ಬೇಕು ಅಂತ ಹಟ ಇದ್ರೆ, ಕೊರೆಯೋ ಮುಂಚೆ ಪೈಪ್ ಎಲ್ಲಿದೆ ಅಂತ ಹುಡುಕೋ ಒಂದು ಹಳೇ ಉಪಾಯ ಇದೆ, ಇಲ್ಲಿ ಬಿಯರ್ ಮಾಡೋರೆಲ್ಲಾ ಬಳಸ್ತಾರೆ. ನಿಮ್ಮ ಅಡುಗೆಮನೇಲಿ ಗೋಬಿ ಮಂಚೂರಿಗೆ ಹಾಕೋ ಕಾರ್ನ್‌ಫ್ಲೋರ್ ಇರುತ್ತಲ್ಲ, ಅದನ್ನ ಸ್ಪಿರಿಟ್ಟಲ್ಲೋ ವೋಡ್ಕಾದಲ್ಲೋ ತೆಳ್ಳಗೆ ಕಲಸಿ ಫ್ರಿಜ್ಜಿನ ಮೇಲ್ಗಡೆ ತಗಡಿಗೆ ಬಳಿದು ಕಂಪ್ರೆಸರ್ ಆನ್ ಮಾಡಿ ಕಾಯಿರಿ. ಕೆಳಗೆ ಬಿಸಿ ಪೈಪ್ ಹಾದುಹೋಗಿರೋ ಕಡೆ ಹಿಟ್ಟು ಬೇಗ ಒಣಗಿ ಬೆಳ್ಳಗೆ ಗೆರೆ ಮೂಡುತ್ತೆ, ರಂಗೋಲಿ ಎಳೆದ ಹಾಗೆ. ಕಂಬದ ತೂತು ಆ ಗೆರೆಗಳಿಂದ ದೂರ ಇರ್ಬೇಕು. ಇದ್ರಿಂದ ಬಿಸಿ ಪೈಪು ಮಾತ್ರ ಸಿಗೋದು, ಒಳಗಡೆ ಗೋಡೆ ಹಿಂದಿರೋ ತಣ್ಣನೆ ಪೈಪು ಇದಕ್ಕೆ ಗೊತ್ತಾಗಲ್ಲ, ಅದಕ್ಕೆ ಮೇಲ್ಗಡೆ ತೂತು ಹಾಕುವಾಗ್ಲೂ ಮೊದ್ಲು ತಗಡು ಮಾತ್ರ ಕತ್ತರಿಸಿ, ಫೋಮನ್ನ ಚಮಚದಲ್ಲಿ ಕೆರೆದು ನೋಡಿ, ಪೈಪ್ ಇಲ್ಲ ಅಂತ ಕಣ್ಣಾರೆ ಕಂಡಮೇಲೆ ಮುಂದಕ್ಕೆ ಹೋಗೋದು. ನನ್ನ ಎರಡನೇ ಫ್ರಿಜ್ಜಲ್ಲಿ ಒಂದು ಗೆರೆ ನಾನು ಗುರುತು ಹಾಕಿದ್ದ ಜಾಗದ ಒಂದೂವರೆ ಇಂಚು ಪಕ್ಕದಲ್ಲಿ ಮೂಡ್ತು. ಆವತ್ತು ಬೆನ್ನಲ್ಲಿ ತಣ್ಣಗಾಯ್ತು.

ಮೇಲೆ ಐಸ್ ಡಬ್ಬಿ ಇರೋ ಫ್ರಿಜ್ ತಗೋಬೇಡಿ, ಆ ಅಲ್ಯೂಮಿನಿಯಂ ಡಬ್ಬಿಯ ಗೋಡೆಯೊಳಗೇ ಗ್ಯಾಸ್ ಹರೀತಿರುತ್ತೆ, ಅದನ್ನ ಬಗ್ಗಿಸೋಕೆ ಹೋಗಿ ಪೈಪ್ ಮುರ್ಕೊಂಡೋರು ನಂಗೇ ಮೂರು ಜನ ಗೊತ್ತು. ಇನ್ನೊಂದು, ಕೊಳ್ಳೋ ಮುಂಚೆ ರಟ್ಟಿನಲ್ಲಿ ಕೆಗ್ ಅಳತೆಯ ಡಬ್ಬಿ ಮಾಡ್ಕೊಂಡು ಹೋಗಿ ಒಳಗಿಟ್ಟು ಬಾಗಿಲು ಮುಚ್ಚಿ ನೋಡಿ. ಫ್ರಿಜ್ಜಿನ ಹಿಂದ್ಗಡೆ ಕೆಳಗೆ ಕಂಪ್ರೆಸರಿಗೋಸ್ಕರ ಒಂದು ಮೆಟ್ಟಿಲು ಇರುತ್ತೆ, ಲೀಟರ್ ಲೆಕ್ಕ ನೋಡಿದ್ರೆ ಅದು ಗೊತ್ತಾಗಲ್ಲ, ಕೆಗ್ ಇಡೋಕೆ ಹೋದಾಗ ಕಾಲಿಗೆ ಸಿಗುತ್ತೆ.

ಈ ಕೆಗ್ ಅನ್ನೋದರ ಜಾತಕ ನಿಮ್ಮ ಲೇಖನದಲ್ಲಿ ಬರಲೇ ಇಲ್ಲ, ನಂಗೆ ಅದೇ ಚೆಂದದ ಭಾಗ. ಮನೇಲಿ ಬಿಯರ್ ಮಾಡೋರು ಬಳಸೋ ಉದ್ದನೆ ಸ್ಟೀಲ್ ಡಬ್ಬಿ, ಕಾರ್ನೀಲಿಯಸ್ ಕೆಗ್ ಅಂತ, 5 ಗ್ಯಾಲನ್, ಅಂದ್ರೆ ಸುಮಾರು 19 ಲೀಟರ್, ಅದು ಹುಟ್ಟಿದ್ದು ಬಿಯರಿಗಲ್ಲ. ಪೆಪ್ಸಿ ಕೋಕಾಕೋಲಾದವರು ಹೋಟೆಲುಗಳಿಗೆ ಸಕ್ಕರೆ ಪಾಕ ಕಳ್ಸೋಕೆ ಇಟ್ಕೊಂಡಿದ್ದದ್ದು. ಪೆಪ್ಸಿದಕ್ಕೆ ಒಂದು ಥರದ ಬೀಗ, ಕೋಕಿನದಕ್ಕೆ ಇನ್ನೊಂದು ಥರ, ಒಂದರ ಪೈಪು ಇನ್ನೊಂದಕ್ಕೆ ಕೂರಲ್ಲ, ಇವತ್ತಿಗೂ ಸೆಕೆಂಡ್‌ಹ್ಯಾಂಡ್ ಕೆಗ್ ತಗೊಳೋರು ಬಾಲ್ ಲಾಕಾ ಪಿನ್ ಲಾಕಾ ಅಂತ ಕೇಳೋದು ಇದಕ್ಕೇ. ಆಮೇಲೆ ಕಂಪನಿಗಳು ರಟ್ಟಿನ ಡಬ್ಬದೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದ್ವು, ರಾಶಿ ರಾಶಿ ಕೆಗ್ಗುಗಳು ಗುಜರಿಗೆ ಬಂದ್ವು, ಬಿಯರ್ ಹುಚ್ಚರು ಎತ್ಕೊಂಡು ಹೋದ್ರು. ಅಲ್ಲಿತನಕ ಒಂದು ಸಲ ಮಾಡಿದ ಬಿಯರಿಗೆ ಐವತ್ತು ಚಿಲ್ಲರೆ ಬಾಟ್ಲಿ ತೊಳೀಬೇಕು, ತುಂಬ್ಬೇಕು, ಒಂದೊಂದಕ್ಕೂ ಬಿರಡೆ ಒತ್ತಬೇಕು. ಒಂದು ಡಬ್ಬಿ ತೊಳೆದ್ರೆ ಮುಗೀತು ಅನ್ನೋ ಸುಖ ಆ ಕೆಲಸ ಮಾಡ್ದೋರಿಗೇ ಗೊತ್ತು.

ನಮ್ಮ ಸೋದರಮಾವ ತಿಪಟೂರು ಬಸ್‌ಸ್ಟ್ಯಾಂಡ್ ಹತ್ರ ಗೋಲಿ ಸೋಡಾ ಅಂಗಡಿ ಇಟ್ಟಿದ್ರು, ಮಿಷಿನ್ನಿಗೆ ಬಾಟ್ಲಿ ಸಿಗಿಸಿ ಗರಗರ ತಿರುಗಿಸೋರು, ಒಂದೊಂದು ಸಲ ಬಾಟ್ಲಿ ಢಬ್ ಅಂತ ಒಡೆಯೋದು. ಅದೇ ಗ್ಯಾಸು ಇದು, ಅದೇ ಕೆಲಸ, ತಣ್ಣಗಿರೋ ನೀರು ಜಾಸ್ತಿ ಗ್ಯಾಸ್ ಕುಡಿಯುತ್ತೆ ಅನ್ನೋ ಅದೇ ನಿಯಮ. ಬಾಟ್ಲಿ ತಿರುಗಿಸೋ ಬದಲು ನಾವು ಕೆಗ್ಗನ್ನ 3 ಡಿಗ್ರೀಲಿ ಇಟ್ಟು 10ರಿಂದ 12 ಪಿಎಸ್‌ಐ ಒತ್ತಡ ಕೊಟ್ಟು ಎರಡು ವಾರ ಮರೆತುಬಿಡ್ತೀವಿ.

ಈಗ ಎರಡನೇ ತಪ್ಪಿಗೆ ಬರ್ತೀನಿ, ಗ್ಯಾಸ್ ಸಿಲಿಂಡರ್. "ಗುಜರಿಯಲ್ಲಿ ಸಿಗುವ ಬೆಂಕಿ ನಂದಿಸುವ ಹಳೆಯ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿದರೆ ಖರ್ಚು ಉಳಿಯುತ್ತದೆ" ಅಂತ ಬರೆದಿದಾರೆ. ದಯವಿಟ್ಟು ಬೇಡ. ಬೆಂಕಿ ನಂದಿಸೋ ಸಿಲಿಂಡರ್ ಒಳಗೆ ತಳದವರೆಗೆ ಒಂದು ಕೊಳವೆ ಇಳಿದಿರುತ್ತೆ, ಬೆಂಕಿ ಮೇಲೆ ಜೋರಾಗಿ ಬರ್ಲಿ ಅಂತ ಅದು ಕೆಳಗಿನ ದ್ರವವನ್ನೇ ಹೊರಗೆ ತಳ್ಳೋದು. ನಮಗೆ ಬೇಕಿರೋದು ಮೇಲಿನ ಗ್ಯಾಸು. ದ್ರವ ಸೀದಾ ರೆಗ್ಯುಲೇಟರಿಗೆ ನುಗ್ಗಿದ್ರೆ ರೆಗ್ಯುಲೇಟರ್ ಕೆಡುತ್ತೆ, ಆಮೇಲೆ 10 ಪಿಎಸ್‌ಐ ಇರ್ಬೇಕಾದ ಕಡೆ ಎಷ್ಟು ಬರುತ್ತೋ ದೇವರಿಗೇ ಗೊತ್ತು, ಯಾಕಂದ್ರೆ ಸಿಲಿಂಡರ್ ಒಳಗೆ ರೂಮಿನ ಬಿಸಿಗೆ 800ರ ಮೇಲೆ ಪಿಎಸ್‌ಐ ಇರುತ್ತೆ. ಒಳ್ಳೇ ಸಿಲಿಂಡರನ್ನೇ ಆದ್ರೂ ಮಲಗಿಸಬಾರ್ದು ಅನ್ನೋದೂ ಇದಕ್ಕೇ. ಅದರ ಮೇಲೆ ಗುಜರಿ ಸಿಲಿಂಡರಿಗೆ ಪರೀಕ್ಷೆ ಆಗಿ ಎಷ್ಟು ವರ್ಷ ಆಗಿದೆಯೋ ಏನೋ, ಇಲ್ಲಿ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಟೆಸ್ಟ್ ಮಾಡಿ ಕತ್ತಿನ ಮೇಲೆ ತಾರೀಕು ಕೊರೆದಿರದಿದ್ರೆ ಗ್ಯಾಸ್ ತುಂಬೋರು ಮುಟ್ಟೋದೇ ಇಲ್ಲ.

ಮೀಟರ್ ನೋಡಿ ಗಾಬರಿ ಬೀಳೋದೂ ಒಂದಿದೆ. ಸಿಲಿಂಡರ್ ಫ್ರಿಜ್ ಒಳಗಿಟ್ಟು ಮಾರನೇ ದಿನ ನೋಡಿದ್ರೆ 850 ಇದ್ದ ಮುಳ್ಳು 550ಕ್ಕೆ ಇಳಿದಿರುತ್ತೆ, ಅಯ್ಯೋ ಸೋರಿಹೋಯ್ತು ಅಂತ ಮೊದಲನೇ ಸಲ ಎಲ್ಲರೂ ಬಡ್ಕೊಳೋದೇ. ಸೋರಿಲ್ಲ, ತಣ್ಣಗಾಗಿದೆ ಅಷ್ಟೇ. ಒಳಗೆ ಒಂದು ಲೋಟ ದ್ರವ ಉಳಿದಿರೋ ತನಕ ಮುಳ್ಳು ಅಲ್ಲೇ ನಿಂತಿರುತ್ತೆ, ಆಮೇಲೆ ದಿಢೀರ್ ಅಂತ ಬೀಳುತ್ತೆ. ಎಷ್ಟು ಉಳಿದಿದೆ ಅಂತ ತಿಳೀಬೇಕಾದ್ರೆ ತೂಕ ಹಾಕೋದೇ ದಾರಿ, ನಮ್ಮ ಅಡುಗೆ ಗ್ಯಾಸ್ ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರ್ತಾರಲ್ಲ, ಇದರ ಕತ್ತಲ್ಲೂ ಹಾಗೇ ಬರೆದಿರುತ್ತೆ.

ಆದ್ರೆ ಒಂದು ಸಲ ನಿಜವಾಗ್ಲೂ ಸೋರಿತ್ತು. ಸಿಲಿಂಡರಿಗೂ ರೆಗ್ಯುಲೇಟರಿಗೂ ಮಧ್ಯೆ ಎಂಟಾಣೆ ಅಗಲದ ಒಂದು ನೈಲಾನ್ ವಾಷರ್ ಇಡ್ಬೇಕು, ನಾನು ಮರ್ತೆ, ಬೆಳಿಗ್ಗೆ ಹೊತ್ತಿಗೆ 5 ಪೌಂಡ್ ಗ್ಯಾಸ್ ಪೂರ್ತಿ ಖಾಲಿ. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿದ್ರೆ ಒಂದು ನಿಮಿಷದ ಕೆಲಸ, ಮಾಡ್ಲಿಲ್ಲ. ಗ್ಯಾರೇಜು, ಬಾಗಿಲ ಸಂದಿಲಿ ಗಾಳಿ ಆಡ್ತಿತ್ತು, ಗ್ಯಾಸಿನ ದುಡ್ಡು ಹೋಯ್ತು ಅಷ್ಟೇ. ಆಮೇಲೆ ಕೂತು ಲೆಕ್ಕ ಹಾಕ್ದೆ. 5 ಪೌಂಡ್ ಅಂದ್ರೆ 2.27 ಕೆಜಿ, ಗ್ಯಾಸ್ ಆದ್ರೆ ಸುಮಾರು 1,200 ಲೀಟರ್. ಅಳಿಯನ ರೂಮು 10 ಅಡಿಗೆ 10 ಅಡಿ, ಎತ್ತರ 8 ಅಡಿ ಅಂತ ಇಟ್ಕೊಳಿ, ಅಂದ್ರೆ ಒಟ್ಟು 22,600 ಲೀಟರ್ ಗಾಳಿ. ಎಸಿ ಹಾಕಿ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿ ಮಲಗಿದಾಗ ಅದಷ್ಟೂ ಸೋರಿದ್ರೆ ನೂರಕ್ಕೆ 5ರ ಮೇಲೆ ಕಾರ್ಬನ್ ಡೈಆಕ್ಸೈಡ್. ಇಲ್ಲಿಯ ಕಾರ್ಮಿಕರ ಸುರಕ್ಷತೆಯ ನಿಯಮದಲ್ಲಿ ಎಂಟು ಗಂಟೆ ಕೆಲಸಕ್ಕೆ ನೂರಕ್ಕೆ ಅರ್ಧ ಅನ್ನೋದೇ ಮಿತಿ, ನೂರಕ್ಕೆ 4 ಅಂದ್ರೆ ಜೀವಕ್ಕೇ ಅಪಾಯ ಅಂತ ಲೆಕ್ಕ. ಅಡುಗೆ ಗ್ಯಾಸಿಗೆ ಬೇಕಂತಲೇ ಗಬ್ಬು ವಾಸನೆ ಸೇರ್ಸಿರ್ತಾರೆ, ಇದಕ್ಕೆ ವಾಸನೇನೂ ಇಲ್ಲ ಬಣ್ಣಾನೂ ಇಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ ಬೇರೆ. ಮಲಗೋ ರೂಮಲ್ಲಿ ಇಡಬೇಡಿ ಅನ್ನೋ ಒಂದು ಸಾಲು ಆ ಲೇಖನದಲ್ಲಿ ಇರ್ಬೇಕಿತ್ತು. ಇಡಲೇಬೇಕು ಅಂದ್ರೆ ಅಲಾರಂ ಸಿಗುತ್ತೆ, ಕಾರ್ಬನ್ ಮಾನಾಕ್ಸೈಡಿನದಲ್ಲ, ಡೈಆಕ್ಸೈಡಿನದು, ಎರಡೂ ಬೇರೆ ಬೇರೆ.

ನೊರೆ ಬಗ್ಗೆ ಬರೆದಿರೋದೂ ಅರೆಬರೆ. ಗ್ಲಾಸ್ ತುಂಬಾ ನೊರೆ ಬಂದ್ರೆ ಒತ್ತಡ ಕಮ್ಮಿ ಮಾಡಿ ಅಂದಿದಾರೆ. ಮಾಡಿದ್ರೆ ಆವತ್ತು ಚೆನ್ನಾಗಿ ಬರುತ್ತೆ, ನಾಲ್ಕು ದಿನ ಬಿಟ್ಟು ಬಿಯರಲ್ಲಿರೋ ಗ್ಯಾಸೇ ಹೋಗಿ ಸಪ್ಪೆ ಆಗುತ್ತೆ. ಉದ್ದ ಮಾಡಬೇಕಾದ್ದು ಕೆಗ್ಗಿಂದ ನಲ್ಲಿಗೆ ಹೋಗೋ ಪೈಪು. ಒಳಗಿನ ಅಗಲ 5 ಮಿಲಿಮೀಟರಿನ ಪೈಪು 3 ಮೀಟರ್ ಉದ್ದ ಇದ್ರೆ ಬಿಯರ್ ಅದರೊಳಗೆ ಉಜ್ಜಿಕೊಂಡು ನಿಧಾನ ಆಗಿ ಸಮಾಧಾನದಿಂದ ಇಳಿಯುತ್ತೆ. ಪೈಪನ್ನ ಸುರುಳಿ ಸುತ್ತಿ ಫ್ರಿಜ್ ಒಳಗೇ ಇಡಿ. ಮೇಲೆ ಕಂಬ ಇಟ್ಟಿದ್ರೆ ಅದು ಬಿಸಿ ಇರುತ್ತೆ, ಮೊದಲ ಗ್ಲಾಸು ನೊರೆನೇ, ಹಳೇ ಕಂಪ್ಯೂಟರಿನ ಒಂದು ಪುಟ್ಟ ಫ್ಯಾನ್ ಒಳಗೆ ಕೂರಿಸಿ ತಣ್ಣನೆ ಗಾಳಿ ಮೇಲಕ್ಕೆ ಬಿಟ್ರೆ ಸರಿಹೋಗುತ್ತೆ.

ಖರ್ಚಿನ ಮಾತು ಜಾಸ್ತಿ ಆಡಲ್ಲ. ಚಪ್ಪಲಿ ಸ್ಟ್ಯಾಂಡಿನ ದುಡ್ಡು ಬಿಟ್ಟು ನಂಗೆ 300 ಡಾಲರ್ ದಾಟ್ತು, ಉಳಿತಾಯಕ್ಕೆ ಅಂತ ಯಾರಾದ್ರೂ ಇದನ್ನ ಮಾಡ್ತೀನಿ ಅಂದ್ರೆ ನಂಬಬೇಡಿ.

ಕಾನೂನಿನ ವಿಷ್ಯ ಒಂದು ಹೇಳ್ಬೇಕು, "ಅಮೆರಿಕದಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ" ಅಂತ ಬರೆದಿದಾರೆ. ಹಾಗಿಲ್ಲ. 1978ರ ಅಕ್ಟೋಬರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮೇಲೇನೇ ಮನೇಲಿ ಬಿಯರ್ ಮಾಡೋರಿಗೆ ತೆರಿಗೆಯಿಂದ ಬಿಡುಗಡೆ ಸಿಕ್ಕಿದ್ದು, ಅದೂ ವಯಸ್ಕರು ಒಬ್ರೇ ಇರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ರು ಅಥವಾ ಹೆಚ್ಚು ಇದ್ರೆ 200, ಮಾರೋ ಹಾಗಿಲ್ಲ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳಲ್ಲಿ 2013ರ ತನಕ ಇದು ಅಪರಾಧ. ಇಷ್ಟೊಂದು ಬಿಯರ್ ಕುಡಿಯೋ ನಮ್ಮ ಒರೆಗಾನಲ್ಲೇ 2010ರಲ್ಲಿ ಮನೇಲಿ ಮಾಡಿದ್ದನ್ನ ಮನೆ ಹೊರಗೆ ತರೋ ಹಾಗಿಲ್ಲ ಅಂತ ಕಾನೂನಿಗೆ ಅರ್ಥ ಹಚ್ಚಿ ರಾಜ್ಯ ಜಾತ್ರೆಯ ಬಿಯರ್ ಸ್ಪರ್ಧೇನೇ ನಿಂತ್ಹೋಯ್ತು, 2011ರಲ್ಲಿ ಕಾನೂನು ತಿದ್ದಿದ ಮೇಲೆ ಮತ್ತೆ ಶುರುವಾಯ್ತು. ಕರ್ನಾಟಕದಲ್ಲಂತೂ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸೋ ಹಾಗೇ ಇಲ್ಲ, ಇಂದಿರಾನಗರದ ಬ್ರೂಪಬ್ಬುಗಳಲ್ಲಿ ಗ್ಲಾಸಿಗೆ ಇಳಿಯೋದು ಲೈಸೆನ್ಸ್ ತಗೊಂಡು ಮಾಡಿದ್ದು. ಬೆಂಗಳೂರಿನ ಹುಡುಗರು ಓದೋ ಪುರವಣಿಲಿ ಇದನ್ನ ಬರೀದೇ ಬಿಡೋದು ಸರಿಯಲ್ಲ ಅನ್ಸುತ್ತೆ.

ಅಳಿಯನ್ನ ಕೇಳ್ದೆ, ಏನೋ ಮಾಡ್ತಿದೀಯ ಅದರಲ್ಲಿ ಅಂತ. "ಬಿಯರ್ ಅಲ್ಲ ಮಾವ, ಶುಂಠಿ ನಿಂಬೆಹಣ್ಣಿನ ಸೋಡಾ" ಅಂದ. ಸೋಡಾಗೆ ಲೈಸೆನ್ಸೂ ಬೇಡ, ಕೆಗ್ ಹುಟ್ಟಿದ್ದೂ ಅಂಥದ್ದಕ್ಕೇ, ಮನೆತನದ ಕಸುಬು ಬೇರೆ, ಆಗ್ಲಪ್ಪ ಅಂದೆ. ಪೆನ್ಸಿಲ್ ಗುರುತನ್ನ ಅಳಿಸಿ ಬಾಗಿಲ ಮೇಲೆ ಹಾಕಿ ಇನ್ನೊಂದು ಫೋಟೋ ಕಳ್ಸಿದಾನೆ. ನಮ್ಮಕ್ಕ ನಿಮ್ಮ ಪೇಪರ್ ಬಿಡದೆ ಓದ್ತಾಳೆ, ಅದಕ್ಕೆ ಆ ಫ್ರಿಜ್ಜಿನ ಬಗ್ಗೆ ಇದಕ್ಕಿಂತ ಜಾಸ್ತಿ ಬರಿಯಲ್ಲ.

ಮುಂದಿನ ಭಾನುವಾರದ ಪುರವಣಿಲಿ ಮೂಲೇಲಾದ್ರೂ ಒಂದು ತಿದ್ದುಪಡಿ ಹಾಕಿ: ಪಕ್ಕದ ಗೋಡೆ ಕೊರೀಬೇಡಿ, ಬೆಂಕಿ ನಂದಿಸೋ ಸಿಲಿಂಡರ್ ಬೇಡ, ಮಲಗೋ ರೂಮಲ್ಲಿ ಗ್ಯಾಸ್ ಬೇಡ. ಈ ಪತ್ರ ಪೂರ್ತಿ ಹಾಕೋಕೆ ಜಾಗ ಇಲ್ಲಾಂದ್ರೆ ಆ ಮೂರು ಮಾತಾದ್ರೂ ಹಾಕಿ.

ಇಂತಿ ನಿಮ್ಮ ಹಳೇ ಓದುಗ,
ತಿಪಟೂರಿನವನು, ಸದ್ಯ ಪೋರ್ಟ್‌ಲ್ಯಾಂಡ್, ಒರೆಗಾನ್